ಗೋಡೆಯಿಂದ ಇಳಿಸಿದ ಅಂಗಿ

ಅಕ್ಕಾ, ಬಯ್ಯಬೇಡ, ಕೆಲಸಕ್ಕೆ ಸೇರಿ ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಈ ಹೊಲಿಗೆ ಕಾರ್ಖಾನೆಯಲ್ಲಿ ಒಂದು ವಿಚಿತ್ರವಿದೆ. ಯಾರು ಬಟ್ಟೆ ಕೆಡಿಸಿದರೂ ಅವರ ಹೆಸರು ಬರೆದು ಅದನ್ನು ಬಾಗಿಲ ಪಕ್ಕದ ಗೋಡೆಗೆ ನೇತುಹಾಕುತ್ತಾರೆ. ಎಲ್ಲರೂ ನಿಂತು ನೋಡಿ, ಎಲ್ಲಿ ತಪ್ಪಿತೆಂದು ಕೇಳಿ, ನಕ್ಕು ಹೋಗುತ್ತಾರೆ. ಕೆಡಿಸಿದವನೂ ನಗುತ್ತಾನೆ! ಹಿಂದೆ ಯುದ್ಧದಲ್ಲಿ ತಾವು ಸೋತದ್ದನ್ನೂ ಈ ದೇಶದವರು ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಾರಂತೆ. ನಮ್ಮಲ್ಲಾದರೆ ಸೋತ ರಾಜನೂ ಹಾಡಿನಲ್ಲಿ ಗೆದ್ದೇ ಇರುತ್ತಾನೆ. ದೊಡ್ಡಪ್ಪ ಮಗಳ ಮದುವೆಗೆ ಬರೀ ಫೋನಿನಲ್ಲಿ ಕರೆದರೆಂದು ಅಪ್ಪ ಹದಿನೆಂಟು ವರ್ಷದಿಂದ ಅವರ ಮನೆ ಕಡೆ ತಲೆ ಹಾಕಿಯೂ ಮಲಗಿಲ್ಲವಲ್ಲ! ಇವರಿಗೆ ಈ ಗುಂಡಿಗೆ ಯಾರು ಕೊಟ್ಟರೋ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ನಾನು ಎಡತೋಳನ್ನು ಬಲಕ್ಕೂ ಬಲತೋಳನ್ನು ಎಡಕ್ಕೂ ಕೂರಿಸಿದ ಅಂಗಿ ಗೋಡೆ ಏರಿತು. ಊಟದ ಹೊತ್ತಿನಲ್ಲಿ ಮೆಲ್ಲಗೆ ಇಳಿಸಿ ಚೀಲಕ್ಕೆ ತುರುಕಿದೆ. ಬಟ್ಟೆ ಕತ್ತರಿಸುವ ಮುದುಕಿ ಖಾಲಿ ಮೊಳೆ ನೋಡಿ, "ನಿನ್ನ ಅಂಗಿ ಎಲ್ಲಪ್ಪಾ? ನಂದು ಇದೇ ಮೊಳೆಗೆ ಮೂರು ಸಲ ಏರಿದೆ ಗೊತ್ತಾ!" ಎಂದಳು, ಬಹುಮಾನ ಬಂದವಳ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು.

ಮೊದಲ ವಾರ ಬೆರಳಿಗೆ ಸೂಜಿ ಚುಚ್ಚಿತ್ತು, ಈಗ ವಾಸಿಯಾಗಿದೆ, ಅಮ್ಮನಿಗೆ ಹೇಳು. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಆ ಅಂಗಿಯನ್ನು ಭಾವನಿಗೆಂದು ಪಾರ್ಸೆಲ್ ಮಾಡಿದ್ದೇನೆ. ತೋಳು ನೋಡಿ ಯಾರಾದರೂ ಏನಾದರೂ ಕೇಳಿದರೆ, ಇಲ್ಲಿ ಈಗ ಇದೇ ಫ್ಯಾಷನ್ ಅಂತ ಹೇಳಿಬಿಡು.

ನಿನ್ನ ತಮ್ಮ