ಅಕ್ಕ ಹಡಗು ಕೇಳಿದಳು

ನವೆಂಬರ್ 17, 1974. ಭಾನುವಾರ

ಎದ್ದ ಕೂಡಲೇ ಗಂಟು ನೋಡಿದೆ. ಇತ್ತು. ನನ್ನ ಸೆರಗಿನ ತುದಿಗೂ ಅಕ್ಕನ ಸೆರಗಿನ ತುದಿಗೂ ದಿನಾ ಮಲಗುವ ಮುಂಚೆ ಗಂಟು ಹಾಕಬೇಕು — ಅಣ್ಣನ ಅಪ್ಪಣೆ. ಅಕ್ಕ ಎಚ್ಚರವಾಗಿಯೇ ಇದ್ದಳು. ನಾನು ಬಿಚ್ಚುವವರೆಗೂ ಸೂರು ನೋಡುತ್ತ ಮಲಗಿದ್ದಳು.

ಹಾಲು ತಂದೆ. ಅಂಗಳಕ್ಕೆ ನೀರು ಹಾಕಿದೆ. ಅವ್ವನ ಮಂಡಿಗೆ ಎಣ್ಣೆ. ಇಷ್ಟರ ನಡುವೆಯೂ ಒಂದು ಕಣ್ಣು ಅಕ್ಕನ ಮೇಲೆ. ಆಗಸ್ಟ್‌ನಿಂದ ಹೀಗೇ. ಮಾಗಡಿ ರೋಡಿನಲ್ಲಿ ಭಾವನ ಸ್ಕೂಟರಿಗೆ ಲಾರಿ ಹೊಡೆದು, ಅವರು ಹೋಗಿ ಎರಡು ವರ್ಷವಾಯಿತು. ಅಂದಿನಿಂದ ಅಕ್ಕ ರಾಜಾಜಿನಗರದ ನಮ್ಮ ಮನೆಯಲ್ಲೇ. ಆಗಸ್ಟ್‌ನಲ್ಲಿ ಒಂದು ದಿನ ತರಕಾರಿಗೆಂದು ಹೋದವಳು ಬರಲೇ ಇಲ್ಲ. ಮೂಡಲಪಾಳ್ಯದಲ್ಲಿ ನಂಜುಂಡಪ್ಪನವರ ತೋಟದ ಬಾವಿಕಟ್ಟೆಯ ಮೇಲೆ ಕಾಲು ಒಳಗೆ ಇಳಿಬಿಟ್ಟು ಕೂತಿದ್ದಳಂತೆ. ಸೊಪ್ಪು ಮಾರುವ ಚಿಕ್ಕಲಕ್ಷ್ಮಮ್ಮ ಕೈಹಿಡಿದು ಮನೆಗೆ ಕರೆತಂದಳು.

ಇವತ್ತು ತಿಂಡಿಯ ಹೊತ್ತಿಗೆ ಅಣ್ಣ ಖುಷಿಯಾಗಿದ್ದ. "ಎಲ್‌ಟಿಸಿ ಸ್ಯಾಂಕ್ಷನ್ ಆಯ್ತು, ಪ್ರಯಾಣದ ಖರ್ಚು ಆಫೀಸಿಂದೇ. ಗಿರಿಜಂಗೆ ಜಾಗ ಬದಲಾವಣೆ ಬೇಕು ಅಂತ ಡಾಕ್ಟ್ರು ಹೇಳಿದ್ರಲ್ಲ. ಎಲ್ಲಿಗೆ ಹೋಗೋಣ ಹೇಳಿ."

ಅತ್ತಿಗೆ ಮದ್ರಾಸು ಎಂದರು. ಅವ್ವ ಶ್ರೀಶೈಲ ಎಂದಳು. ಅಕ್ಕ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ, "ಹಡಗಲ್ಲಿ ಹೋಗೋಣ ಅಣ್ಣ. ಬೊಂಬಾಯಿಂದ ಗೋವಾಕ್ಕೆ ಸ್ಟೀಮರ್ ಇದೆಯಂತೆ."

ಅಣ್ಣನ ಕಣ್ಣಲ್ಲಿ ನೀರೇ ಬಂತು.

ಹಿತ್ತಲಲ್ಲಿ ಅಣ್ಣನನ್ನು ಹಿಡಿದು ಹೇಳಿದೆ — "ಅಣ್ಣ, ಸುತ್ತ ನೀರು... ಬೇಡ ಕಣೋ."

"ಎರಡು ವರ್ಷದಲ್ಲಿ ಮೊದಲ್ನೇ ಸಲ ಬಾಯ್ಬಿಟ್ಟು ಏನೋ ಕೇಳಿದ್ದಾಳೆ ಜಗದಾ. ಇಲ್ಲ ಅನ್ಲಾ? ನಾನಿರ್ತೀನಿ. ನೀನಿರ್ತೀಯ."

ನಾನಿರುತ್ತೇನೆ. ಅದೇ ಭಯ.

ನವೆಂಬರ್ 29

ದಾವಣಗೆರೆಯಿಂದ ಸಿದ್ದಬಸಪ್ಪನವರ ಕಡೆಯವರು ಅಕ್ಕನಿಗೆ ಸಂಬಂಧ ಕೇಳಿಕೊಂಡು ಬಂದಿದ್ದರು. ಅವರ ಹೆಂಡತಿ ತೀರಿಕೊಂಡಿದ್ದಾಳೆ. ಬಟ್ಟೆ ಅಂಗಡಿ, ಬೆಳೆದ ಮಕ್ಕಳು. ಒಳ್ಳೆಯವರೇ ಇರಬಹುದು. ಅವ್ವನಿಗಿಂತ ಕೊಂಚ ಚಿಕ್ಕವರು. ಗೋವಾದಿಂದ ಬಂದ ಮೇಲೆ ಮಾತು ಪಕ್ಕಾ ಎಂದ ಅಣ್ಣ. "ಒಂದು ನೆಲೆ ಅಂತ ಬೇಡ್ವೇನಮ್ಮ ನಿಂಗೆ?"

ಅಕ್ಕ, "ಹೂಂ" ಎಂದಳು.

ಮದುವೆಗೆ ಮುಂಚೆ ಅಕ್ಕ ನರ್ಸಿಂಗ್ ಮುಗಿಸಿದ್ದಳು. ಕಳೆದ ವರ್ಷ, ಮತ್ತೆ ಆಸ್ಪತ್ರೆಗೆ ಸೇರುತ್ತೇನೆ ಎಂದಾಗ ಮನೆಯಲ್ಲಿ ಅಷ್ಟು ಗಲಾಟೆ. ತಂಗಿಗೆ ಅನ್ನ ಹಾಕಲಾರದೆ ಕಂಡವರ ಸೇವೆಗೆ ಕಳಿಸಿದ ಎನ್ನುತ್ತಾರೆ ಜನ — ಅಣ್ಣನ ವಾದ. ಅವತ್ತು ಎದುರು ವಾದಿಸಿದವಳು ಈಗ ಎಲ್ಲಕ್ಕೂ ಹೂಂ.

ಸಂಜೆ ತನ್ನ ಮೈಸೂರು ರೇಷ್ಮೆ ಸೀರೆ ಅತ್ತಿಗೆಗೆ ಕೊಟ್ಟಳು. ಹಸಿರು ಶಾಲು ನನಗೆ. "ನಂಗ್ಯಾಕೆ ಇನ್ನು ಇವೆಲ್ಲ."

ಅತ್ತಿಗೆ ಸಂತೋಷದಿಂದ ಮಡಿಸಿಟ್ಟುಕೊಂಡರು. ನನಗೆ ಊಟ ಇಳಿಯಲಿಲ್ಲ.

ಡಿಸೆಂಬರ್ 12

ಚಕ್ಕುಲಿ, ಶೇಂಗಾ ಚಟ್ನಿಪುಡಿ, ಕಟಕಲು ರೊಟ್ಟಿ. ಹಡಗಿನಲ್ಲಿ ಬರೀ ಮೀನಂತೆ, ಅತ್ತಿಗೆಗೆ ಅದೇ ಚಿಂತೆ. ಅಣ್ಣ ಆಫೀಸಿನ ಗೆಳೆಯರೊಬ್ಬರ ಕ್ಯಾಮೆರಾ ತಂದಿದ್ದಾನೆ. ರೋಲ್ ಹಾಕಲು ಬಾರದೆ ಬೈದುಕೊಳ್ಳುತ್ತಿದ್ದ.

ಪಕ್ಕದ ಮನೆಯ ಪಟಾಲಮ್ಮನವರಲ್ಲಿಗೆ ಅಕ್ಕನ ಜೊತೆ ಹೋಗಿದ್ದೆ. ಅಕ್ಕ ಒಬ್ಬಳೇ ಹೋಗಲು ಬಿಡುವ ಮನೆ ಅದೊಂದೇ. ಅವರ ಯಜಮಾನರು ಬೆಟ್ಟಯ್ಯ, ಕಂಟ್ರಾಕ್ಟರು, ಆ ಸ್ಟೀಮರಿನಲ್ಲಿ ಹೋಗಿ ಬಂದವರು. "ಮಧ್ಯೆ ಮಧ್ಯೆ ಸಣ್ಣ ಬಂದರಲ್ಲಿ ನಿಲ್ತದಮ್ಮ. ದಡದ ತನಕ ಹೋಗಾಕಿಲ್ಲ. ಸಮುದ್ರದಾಗೇ ನಿಂತ್ಕಂತದೆ. ದೋಣಿ ಬಂದು ಜನ ಇಳಿಸ್ಕಂಡ್ ಹೋಯ್ತವೆ."

ಅಕ್ಕ ಬಿಟ್ಟ ಕಣ್ಣು ಮುಚ್ಚದೆ ಕೇಳಿದಳು. "ಅಲ್ಲಿ ನೀರು ಆಳ ಇರತ್ತಾ?"

"ಆಳ ಇಲ್ದೆ ಹಡಗು ನಿಲ್ತದಾ!"

ಅವರು ನಕ್ಕರು. ಅಕ್ಕ ನಗಲಿಲ್ಲ.

ಡಿಸೆಂಬರ್ 20

ನಾಳೆ ಹೊರಡುವುದು. ಮಂಡಿನೋವೆಂದು ಅವ್ವ ಮನೆಯಲ್ಲೇ ಉಳಿಯುತ್ತಾಳೆ. ಜ್ವರ ಬರಲಿ ಎಂದು ತಣ್ಣೀರು ಸ್ನಾನ ಮಾಡಿದೆ. ಬರಲಿಲ್ಲ.

ಡಿಸೆಂಬರ್ 24. ಸ್ಟೀಮರಿನ ಮೇಲೆ, ಮಧ್ಯಾಹ್ನ

ಮೀರಜ್‌ನಲ್ಲಿ ಗಾಡಿ ಬದಲಿಸಿ, ಬೊಂಬಾಯಿಯಲ್ಲಿ ಧರ್ಮಶಾಲೆಯಲ್ಲಿ ತಂಗಿ, ಇವತ್ತು ಬೆಳಿಗ್ಗೆ ಬಂದರಿನ ಧಕ್ಕೆಯಲ್ಲಿ ನೂಕುನುಗ್ಗಲು ದಾಟಿ ಹತ್ತಿದೆವು. ಬಿಳಿ ಹಡಗು. ರಾಜಾಜಿನಗರದ ನಮ್ಮ ಬೀದಿಯನ್ನೇ ಎತ್ತಿ ನೀರಿಗೆ ಬಿಟ್ಟ ಹಾಗಿದೆ. ಮೇಲಿನ ಡೆಕ್‌ನಲ್ಲಿ ಜಮಖಾನ ಹಾಸಿ ಜಾಗ ಹಿಡಿದ ಅಣ್ಣ. ನಾನು ಮೊದಲು ನೋಡಿದ್ದು ಕಂಬಿ. ನನ್ನ ಎದೆಯ ಮಟ್ಟ, ಅಷ್ಟೆ. ಅಕ್ಕ ನನಗಿಂತ ಎತ್ತರ.

ಆದರೂ ಬರೆಯಬೇಕು — ಚೆನ್ನಾಗಿದೆ. ಗಾಳಿ, ಬಿಸಿಲು, ಎಡಗಡೆ ಉದ್ದಕ್ಕೂ ನೀಲಿ ಬೆಟ್ಟಗಳು, ನೀರಿನ ಅಂಚಿಗೇ ಒಂದು ಹಳೆ ಕೋಟೆ. ಯಾರೋ ಹಾರ್ಮೋನಿಯಂ ತಂದಿದ್ದಾರೆ. ಅತ್ತಿಗೆ ವಾಂತಿ ಮಾಡಿ, ಸುಧಾರಿಸಿಕೊಂಡು, ಬಟಾಟೆವಡೆ ತಿಂದು, ಮತ್ತೆ ವಾಂತಿ ಮಾಡಿದರು. ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಎಲ್ಲರ ಫೋಟೋ ತೆಗೆದ. ಮೀನುಗಳು ನೀರಿನಿಂದ ಜಿಗಿದಾಗ ಅಕ್ಕ ಚಪ್ಪಾಳೆ ತಟ್ಟಿದಳು. ಅಕ್ಕ! ನಾನೂ ನಕ್ಕುಬಿಟ್ಟೆ. ಆಮೇಲೆ ಭಯ ಇನ್ನೂ ಹೆಚ್ಚಾಯಿತು. ಇಷ್ಟು ಹಗುರ ಯಾಕಿದ್ದಾಳೆ?

ಸಂಜೆ

ಸೂರ್ಯ ಮುಳುಗುವಾಗ ಕಂಬಿಗೆ ಒರಗಿ ನಿಂತಿದ್ದಳು. ಹೋಗಿ ಸೆರಗು ಹಿಡಿದೆ.

"ಈಚೆ ಬಾ ಅಕ್ಕ."

"ಯಾಕೆ, ಹಾರ್ಬಿಡ್ತೀನಿ ಅಂತಾನಾ?"

ಹಿಡಿದ ಸೆರಗು ಬಿಡಲಿಲ್ಲ. ಅವಳು ನೀರು ನೋಡುತ್ತಲೇ ಹೇಳಿದಳು. "ಅವತ್ತು ಬಾವಿಗೆ ಬೀಳಕ್ಕೆ ಹೋಗಿರ್ಲಿಲ್ಲ ಕಣೇ. ಅಳಕ್ಕೆ ಹೋಗಿದ್ದೆ. ಮನೇಲಿ ಅತ್ರೆ ಅವ್ವಂಗೆ ಎದೆನೋವು, ಅಣ್ಣಂಗೆ ಊಟ ಸೇರಲ್ಲ, ನೀನು ಬಾಗ್ಲ ಹಿಂದೆ ನಿಂತಿರ್ತೀಯ. ಯಾರೂ ಇಲ್ಲದ ಜಾಗ ಸಿಗೋ ತನಕ ನಡೆದೆ. ಅದು ಮೂಡಲಪಾಳ್ಯ ಆಗಿತ್ತು, ಅಷ್ಟೆ."

"ಹಾಗಂತ ಹೇಳಬಹುದಿತ್ತಲ್ಲ?"

"ಹೇಳ್ದೆ. ಎಲ್ರಿಗೂ ಹೇಳ್ದೆ. ನಂಬಿದವರು ಯಾರು? ನೀನು ಈಗ ನಂಬ್ತೀಯಾ?"

ನಂಬುತ್ತೇನೆ ಎಂದೆ. ನಂಬಿರಲಿಲ್ಲ. ಅದು ಅವಳಿಗೂ ತಿಳಿಯಿತು. ಮಲಗಲು ಬಂದಾಗ ಗಂಟು ಹಾಕಲು ತಾನೇ ಸೆರಗು ಚಾಚಿದಳು.

ಡಿಸೆಂಬರ್ 25. ಪಣಜಿ, ಲಾಡ್ಜ್

ಕ್ರಮವಾಗಿ ಬರೆಯುತ್ತೇನೆ.

ಬೆಳಕು ಹರಿಯುವಾಗ ಎಚ್ಚರವಾಯಿತು. ಹಡಗಿನ ಇಂಜಿನ್ ಸದ್ದು ನಿಂತಿತ್ತು. ಸೆರಗು ಎಳೆದೆ, ಬಿಗಿಯಾಗಿಯೇ ಇತ್ತು. ತಿರುಗಿ ನೋಡಿದರೆ ಗಂಟು ಹಾಸಿಗೆ ಸುರುಳಿಯ ಪಟ್ಟಿಗೆ ಹಾಕಿತ್ತು. ಅಕ್ಕ ಇರಲಿಲ್ಲ.

ಕಂಬಿಗೆ ಓಡಿದೆ. ನೀರು ಬೂದಿ ಬಣ್ಣ. ಏನೂ ಇಲ್ಲ. ಅಷ್ಟರಲ್ಲಿ ಇನ್ನೊಂದು ಮಗ್ಗುಲಿಂದ ಗದ್ದಲ, ಊರಿನ ಹೆಸರು ಕೂಗುವ ದೋಣಿಯವರ ದನಿ ಕೇಳಿಸಿತು. ಅತ್ತ ಓಡಿದೆ.

ಕೆಳಗೆ ದೋಣಿಗಳು. ಹಡಗಿನ ಪಕ್ಕದ ಬಾಗಿಲಿಂದ ಜನ ಟ್ರಂಕು, ಬುಟ್ಟಿ, ಕೋಳಿ ಸಮೇತ ಇಳಿಯುತ್ತಿದ್ದರು. ಒಂದು ದೋಣಿ ಆಗಲೇ ಹೊರಟಿತ್ತು. ಅದರಲ್ಲಿ ಅಕ್ಕ. ತೊಡೆಯ ಮೇಲೆ ಬಟ್ಟೆಯ ಚೀಲ. ಪಕ್ಕದಲ್ಲಿ ಅವಳ ಭುಜ ಹಿಡಿದುಕೊಂಡ ಒಬ್ಬ ಹೆಂಗಸು.

ಅಕ್ಕ ತಲೆ ಎತ್ತಿದಳು. ನನ್ನನ್ನು ಕಂಡಳು. ಆ ಮುಖ ಮರೆಯಲಾರೆ. ಅವಳಿಗೆ ಭಯ — ನೀರಿನದಲ್ಲ, ನನ್ನದು. ನಾನೆಲ್ಲಿ ಕೂಗಿಬಿಡುತ್ತೇನೋ ಎಂದು.

ಅಣ್ಣ ಹತ್ತೇ ಹೆಜ್ಜೆ ದೂರದಲ್ಲಿದ್ದ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣುಮುಚ್ಚಿ ಪೂಜೆಗೆ ಕೂತಿದ್ದ. ಅಣ್ಣಾ ಎಂದಿದ್ದರೆ ಸಾಕಿತ್ತು. ದೋಣಿಯನ್ನು ಇನ್ನೂ ಕರೆಯಬಹುದಿತ್ತು.

ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ.

ದೋಣಿ ಚಿಕ್ಕದಾಯಿತು. ಹಡಗು ಕೂಗಿ, ಮುಂದಕ್ಕೆ ಹೊರಟಿತು. ಅಣ್ಣ ಕಣ್ಣು ತೆರೆದ. "ಗಿರಿಜಾ ಎಲ್ಲಿ?"

"ಮುಖ ತೊಳೆಯಕ್ಕೆ ಹೋಗಿದ್ದಾಳೆ."

ಈ ಸುಳ್ಳು ಎಲ್ಲಿಗೆ ಒಯ್ಯುತ್ತದೆ ಎಂದು ಆಗ ಹೊಳೆಯಲಿಲ್ಲ. ಅಣ್ಣ ಕಾದ. ಬಚ್ಚಲಿಗೆ ಅತ್ತಿಗೆಯನ್ನು ಕಳಿಸಿದ. ಕೆಳಗಿನ ಡೆಕ್ ಹುಡುಕಿ ಬಂದ. ಬಂದಾಗ ಅವನ ಮುಖ ಸುಣ್ಣವಾಗಿತ್ತು. "ಗಿರಿಜಾ!" ಎಂದು ಸಮುದ್ರಕ್ಕೆ ಕೂಗಿದ. ಅಂಥ ದನಿ ಅವನಿಂದ ಕೇಳಿಲ್ಲ. ಜನ ಸೇರಿದರು. ಅವನು ಕಂಬಿಯ ಮೇಲೆ ಕಾಲಿಟ್ಟ. ಈಜು ಬಾರದ ಅಣ್ಣ!

ಸೊಂಟ ತಬ್ಬಿ ಹಿಡಿದೆ. "ಬದುಕಿದ್ದಾಳೆ ಅಣ್ಣ! ದೋಣೀಲಿ ಇಳಿದು ಹೋದ್ಲು! ನಾನೇ ನೋಡ್ದೆ!"

ಹೊಡೆಯುತ್ತಾನೆ ಎಂದುಕೊಂಡೆ. ನನ್ನ ಎರಡೂ ತೋಳು ಹಿಡಿದ. "ನಿಜವಾಗ್ಲೂ ನೋಡಿದ್ಯಾ? ಕಣ್ಣಾರೆ?"

"ನೋಡ್ದೆ."

ಡೆಕ್ ಮೇಲೆ ಕುಸಿದು ಕೂತು, ಅಷ್ಟು ಜನರ ಮುಂದೆ ಅತ್ತ. ಆಮೇಲೆ ತಲೆ ಎತ್ತದೆ ಕೇಳಿದ. "ಯಾವ ಊರು?"

ಹೇಳಲಿಲ್ಲ. ಬೆಳಗಾಗುವುದರೊಳಗೆ ಹಡಗು ಒಂದಕ್ಕಿಂತ ಹೆಚ್ಚು ಕಡೆ ನಿಂತಿತ್ತು. ಹಡಗಿನ ಖಲಾಸಿಗಳನ್ನು ಕೇಳಿದ. ಎಲ್ಲ ಕಡೆಯೂ ಹೆಂಗಸರು ಇಳಿಯುತ್ತಾರೆ ಸಾಬ್ ಎಂದರು. ಹೆಸರು ಗೊತ್ತಿರುವುದು ನನಗೊಬ್ಬಳಿಗೇ. ಅದನ್ನು ಇಲ್ಲಿಯೂ ಬರೆಯುವುದಿಲ್ಲ.

ಜನವರಿ 3, 1975. ರಾಜಾಜಿನಗರ

ಅವ್ವ ಒಂದು ಸಲವೂ ಬೈಯಲಿಲ್ಲ. ಒಲೆ ಮುಂದೆ ಕೂತು ಕೇಳಿದ್ದು ಒಂದೇ — "ಸ್ವೆಟರ್ ತೊಗೊಂಡ್ ಹೋದ್ಲೇನೇ?"

ಗೊತ್ತಿಲ್ಲ ಎಂದೆ. ಅಳು ಬಂತು.

ದಾವಣಗೆರೆಗೆ ಅಣ್ಣ ಏನು ಬರೆದನೋ. ಬೀದಿಯಲ್ಲಿ ಮಾತು ಎದ್ದಿದೆ. ಯಾರ ಜೊತೆಯೋ ಓಡಿಹೋದಳು ಎಂದು ಕೆಲವರು. ನೀರಿಗೇ ಬಿದ್ದಳು, ಇವರು ಮುಚ್ಚಿಡುತ್ತಿದ್ದಾರೆ ಎಂದು ಇನ್ನು ಕೆಲವರು. ಟೈಪಿಂಗ್ ಕ್ಲಾಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ.

ಅಣ್ಣ ದಿನಾ ಕೇಳುತ್ತಾನೆ. ಕೂಗಿ, ಬೇಡಿ, ಒಮ್ಮೆ ಕಾಲು ಹಿಡಿಯಲು ಬಗ್ಗಿ. "ಯಾವ ಊರು ಜಗದಾ?" ಹೇಳಿದರೆ ಅವತ್ತೇ ಹೋಗಿ ಎಳೆದುಕೊಂಡು ಬರುತ್ತಾನೆ.

ಆದರೆ ನನ್ನ ಭಯ ಈಗ ಬೇರೆ. ಆ ಹೆಂಗಸು ಯಾರು? ನನಗೆ ಗೊತ್ತಿಲ್ಲ. ಭುಜ ಹಿಡಿದಿದ್ದಳು — ಪ್ರೀತಿಯಿಂದಲೋ, ಬಿಡಬಾರದೆಂದೋ? ಅಕ್ಕನ ಭಯ ನನ್ನದಲ್ಲದೆ ಬೇರೆ ಯಾರದೋ ಆಗಿದ್ದರೆ? ನಾನು ಬಾಯಿ ಮುಚ್ಚಿದ್ದು ತಪ್ಪಾಗಿದ್ದರೆ?

ಜನವರಿ 9

ಪಟಾಲಮ್ಮ ಹೂ ಕೊಡುವ ನೆಪದಲ್ಲಿ ಬಂದರು. ಹಿತ್ತಲಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. "ನಂಗೊತ್ತಿತ್ತು ಕಣಮ್ಮ. ಗಿರಿಜನ್ನ ಕರ್ಕಂಡ್ ಹೋದೋಳು ನರ್ಸಿಂಗ್‌ನಾಗೆ ಇವಳ ಜೊತೇಲಿ ಓದಿದೋಳು. ಆ ಸಮುದ್ರದ ಕಡೆಯೋಳೇ. ನಮ್ಮನೆ ಫೋನಿಗೇ ಟ್ರಂಕ್ ಕಾಲ್ ಮಾಡ್ತಿದ್ಲು. ಆಸ್ಪತ್ರೇಲಿ ಕೆಲ್ಸ ಐತೆ, ಹೆಂಗಾದ್ರೂ ಬಾ ಅಂತ."

ಅವರ ಕೈ ಹಿಡಿದುಕೊಂಡೆ. "ಅಕ್ಕ ಹೋದ ಮೇಲೆ ಫೋನ್ ಮಾಡಿದ್ಲಾ?"

ಪಟಾಲಮ್ಮನ ಮುಖ ಬಾಡಿತು. "ಇಲ್ಲ ಕಣವ್ವ. ತಲುಪಿದ ದಿನಾನೇ ಮಾಡ್ತೀನಿ ಅಂದಿದ್ಲು. ಅದ್ಕೇ ನಂಗೂ ದಿಗಿಲು."

ಜನವರಿ 15

ಇಲ್ಲ.

ಜನವರಿ 17

ಅಣ್ಣ ಸೋಮವಾರ ಪೊಲೀಸರಿಗೆ ಹೇಳುತ್ತಾನಂತೆ. ಇವತ್ತು ಕೂಗಲಿಲ್ಲ. ಮೆಲ್ಲಗೆ ಹೇಳಿದ, ಅದು ಇನ್ನೂ ಕಷ್ಟ. "ನೀನು ನೋಡಿದ್ದು ಅವಳನ್ನೇನಾ? ನನ್ನ ಸಮಾಧಾನಕ್ಕೆ ಹೇಳಿದ್ದಲ್ಲ ತಾನೆ?"

ಅಕ್ಕನನ್ನೇ ಎಂದೆ. ಹೇಳುವಾಗ ನನಗೇ ಅನುಮಾನ. ಬೂದಿ ಬೆಳಕು, ದೂರ... ನೋಡಿದೆನಲ್ಲ? ನೋಡಿದೆ.

ಸೋಮವಾರಕ್ಕೆ ಮುಂಚೆ ಊರಿನ ಹೆಸರು ಹೇಳಿಬಿಡಬೇಕೇನೋ.

ಜನವರಿ 19. ಭಾನುವಾರ, ಮಧ್ಯಾಹ್ನ

ಊಟಕ್ಕೆ ಕೂತಿದ್ದೆವು. ಪಟಾಲಮ್ಮ ಕಾಂಪೌಂಡಿನಾಚೆಯಿಂದಲೇ ಕೂಗಿದರು. "ಟ್ರಂಕ್ ಕಾಲ್! ಬೇಗ ಬನ್ನಿ!"

ಅಣ್ಣ ಎಂಜಲು ಕೈಯಲ್ಲೇ ಓಡಿದ. ನಾನು ಹಿಂದೆ. ಬಾಗಿಲಲ್ಲಿ ಅವನನ್ನು ದಾಟಿ ನಾನೇ ಮೊದಲು ಫೋನ್ ಎತ್ತಿಕೊಂಡೆ. ಬರೀ ಗರಗರ. ಅದರೊಳಗಿಂದ, ಬಾವಿಯ ತಳದಿಂದ ಬಂದ ಹಾಗೆ, ಅಕ್ಕನ ದನಿ. "ಜಗದಾ... ಲೈನೇ ಸಿಗ್ತಿರ್ಲಿಲ್ಲ ಕಣೇ... ಜ್ವರ ಬಂದಿತ್ತು... ಈಗ ಡ್ಯೂಟಿಗೆ ಸೇರಿದೀನಿ..."

ಅಣ್ಣ ಕಿತ್ತುಕೊಂಡ. ಕತ್ತಿನ ನರ ಉಬ್ಬಿತ್ತು. ಇವತ್ತು ಮುಗಿಯಿತು, ಎಂದೆಂದಿಗೂ ಮುಗಿಯಿತು ಎಂದುಕೊಂಡೆ. ಪಟಾಲಮ್ಮ ಬಾಗಿಲು ಹಾಕಿದರು, ಬೀದಿಗೆ ಕೇಳಬಾರದೆಂದು.

ಅಣ್ಣ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಊಟ ಆಯ್ತಾ?" ಎಂದ.

ಆ ಕಡೆಯಿಂದ ಏನು ಬಂತೋ. "ಏನ್ ಊಟ?" ಎಂದು ಕೇಳಿದ. ಕೇಳುತ್ತಾ ನಿಂತ. ಲೈನ್ ಕಟ್ಟಾದ ಮೇಲೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ನಿಂತಿದ್ದ. ಫೋನಿನ ಮೇಲೆಲ್ಲ ಅನ್ನದಗುಳು.

ಮನೆಗೆ ಬಂದು ಅವ್ವನಿಗೆ, "ಇದ್ದಾಳೆ" ಎಂದ. ಅಷ್ಟೆ. ಎಲೆಯ ಮುಂದೆ ಮತ್ತೆ ಕೂರಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಅತ್ತಿಗೆ ಬಾಗಿಲ ಬಳಿ ನಿಂತು ಬಂದರು. ಒಳಗೆ ಪೆಟ್ಟಿಗೆ ತೆಗೆಯುವ ಸದ್ದಂತೆ. ಹೊರಡುತ್ತಾನಾ? ಕರೆತರಲೋ, ಬರೀ ನೋಡಿ ಬರಲೋ?

ಬಾಗಿಲು ತೆರೆಯಿತು. ನನ್ನನ್ನು ಕೂಗುತ್ತಿದ್ದಾನೆ. ಕೋಪವೋ ಅಲ್ಲವೋ, ಇಲ್ಲಿಗೆ ತಿಳಿಯುತ್ತಿಲ್ಲ. ಮತ್ತೆ ಕೂಗಿದ. ಈ ಸಲ ಕೇಳಿದರೆ ಹೆಸರು ಹೇಳಲೋ ಬೇಡವೋ —