ನಾಟಕಕ್ಕೆ ಕಾಸಿದ ಕಾಫಿ

ಝಾತರಿ ನಿರಾಶ್ರಿತರ ಶಿಬಿರ, ಜೋರ್ಡಾನ್
ಮಾರ್ಚ್ 9, 2016, ಬುಧವಾರ

ನನ್ನ ಕಣ್ಮಣಿ ಗಸ್ಸಾನ್,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತಾ? ಆ ಜರ್ಮನಿಯ ಚಳಿಯಲ್ಲಿ ಬರಿತಲೆಯಲ್ಲಿ ತಿರುಗಬೇಡ. ಅಲ್ಲಿಯ ರೊಟ್ಟಿ ಇಟ್ಟಿಗೆಯಂತಿರುತ್ತದೆಯಂತೆ. ನೆನೆಸಿಕೊಂಡಾದರೂ ತಿನ್ನು, ಹಸಿದುಕೊಂಡು ಮಲಗಬೇಡ. ನಾವು ಕ್ಷೇಮ, ನನ್ನ ಮಂಡಿಗಳು ಮಾತ್ರ ನನ್ನ ಮಾತು ಕೇಳುವುದಿಲ್ಲ. ಫೋನ್ ನಿನ್ನ ಅಪ್ಪನ ಜೇಬು ಬಿಟ್ಟು ಕದಲುವುದಿಲ್ಲ, ನಿನ್ನ ಹೆಸರನ್ನು ಈ ತಗಡಿನ ಮನೆಯೊಳಗೆ ಎತ್ತುವಂತಿಲ್ಲ. ಹಾಗಾಗಿ ಈ ಕಾಗದ. ನಾಟಕದ ಮೇಡಂ ಲುಬ್ನಾ ಇದರ ಫೋಟೋ ತೆಗೆದು ತನ್ನ ಫೋನಿನಿಂದ ನಿನಗೆ ಕಳಿಸುತ್ತಾಳೆ.

ನಾಟಕವಾ ಅಂತ ನಗಬೇಡ. ಅದರಲ್ಲಿ ಪಾತ್ರ ಮಾಡಿದವರು ಯಾರು ಗೊತ್ತಾ? ನಿನ್ನ ಅಪ್ಪ! ಲುಬ್ನಾ ದಮಾಸ್ಕಸ್‌ನ ಹುಡುಗಿ, ನಮ್ಮ ಬೀದಿಯ ಕೊನೆಯ ದೊಡ್ಡ ಡೇರೆಯಲ್ಲಿ ನಾಟಕ ಕಲಿಸುತ್ತಾಳೆ. ನಮ್ಮ ಹೆಂಗಸರನ್ನೆಲ್ಲ ಕೂರಿಸಿಕೊಂಡು ಒಬ್ಬೊಬ್ಬರೂ ಒಂದು ಕಥೆ ಹೇಳಿ ಅಂದಳು. ನಾನೂ ಹೇಳಿದೆ. ಒಬ್ಬ ಹುಡುಗ ಅಪ್ಪನನ್ನು ಒಂದು ಮಾತೂ ಕೇಳದೆ ಸಮುದ್ರ ದಾಟಿ ಹೋದ, ಅಪ್ಪ ಇನ್ನು ನನಗೆ ಮಗನೇ ಇಲ್ಲ ಅಂತ ಆಣೆ ಇಟ್ಟ ಅಂತ. ಯಾರ ಮನೆಯದು ಅಂದಳು. ದರಾ ಊರಿನ ಕಡೆಯ ಯಾರೋ ಕುರಿಯವರದು ಅಂದುಬಿಟ್ಟೆ! ಅವಳಿಗೆ ಅದೇ ಹಿಡಿಸಿತು. ಊರ ಹಿರಿಯರು ಆ ಅಪ್ಪನ ಮನೆಗೆ ಬಂದು ಹುಡುಗನನ್ನು ಕ್ಷಮಿಸು ಅಂತ ಬೇಡುತ್ತಾರೆ, ಅವನು ಒಪ್ಪುವುದಿಲ್ಲ, ಕಡೆಗೆ ಹುಡುಗನೇ ಬಂದು ಬಾಗಿಲ ಹೊರಗೆ ನಿಂತು ಅಳುತ್ತಾನೆ. ಇಷ್ಟು ನಾಟಕ. ಒಂದು ದಿನ ನಿನ್ನ ಅಪ್ಪ ಆ ಕಡೆ ಹಾದು ಹೋಗುವಾಗ ಯಾವನೋ ಎಡಗೈಯಲ್ಲಿ ಕಾಫಿ ಬಟ್ಟಲು ಕೊಡುತ್ತಿದ್ದುದನ್ನು ಕಂಡು, ಬೈಯಲೆಂದೇ ಒಳಗೆ ನುಗ್ಗಿದರು. ಬೈದರು, ತಿದ್ದಿದರು, ಅಲ್ಲೇ ಉಳಿದುಬಿಟ್ಟರು. ಅಪ್ಪನ ಪಾತ್ರ ಅವರ ಕೊರಳಿಗೇ ಬಿತ್ತು. ಕಥೆ ತನ್ನದೇ ಅಂತ ಅವರಿಗೆ ಹೊಳೆಯಿತೋ ಇಲ್ಲವೋ, ಇಷ್ಟು ವರ್ಷ ಸಂಸಾರ ಮಾಡಿದ ನನಗೂ ತಿಳಿಯದು.

ಅಭ್ಯಾಸವೆಲ್ಲ ಖಾಲಿ ಬಟ್ಟಲಿನಲ್ಲೇ ನಡೆಯಿತು. "ನನಗೆ ಮಗ ಇಲ್ಲ!" ಅಂತ ಅವರು ಗುಡುಗಿದರೆ ನಾನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ನಾಟಕದ ದಿನ ಬೆಳಿಗ್ಗೆ ಮಾತ್ರ ತಗಾದೆ ತೆಗೆದರು. "ಅತಿಥಿ ಮುಂದೆ ಖಾಲಿ ಬಟ್ಟಲು ಇಡೋದಾ? ನಾಟಕ ಆದ್ರೇನು, ಮರ್ಯಾದೆ ಬೇಡ್ವಾ?" ಅಂದವರೇ ತಾವೇ ಬೀಜ ಹುರಿದು, ಕುಟ್ಟಿ, ಏಲಕ್ಕಿ ಹಾಕಿ ಕಾಸಿದರು. ಪಟ್ಟಣದ ಹುಡುಗಿ ಲುಬ್ನಾಗೆ ಏನು ಗೊತ್ತು, "ಹೋಗ್ಲಿ ಬಿಡಿ ಮಾವ, ಘಮ ಘಮ ಅನ್ನುತ್ತೆ" ಅಂದಳು. ಕೆಲಸ ಕೆಟ್ಟಿದ್ದೇ ಅಲ್ಲಿ.

ಡೇರೆ ಕಿಕ್ಕಿರಿದಿತ್ತು. ಹಿರಿಯರ ಮುಖಂಡ ನಮ್ಮ ತರಕಾರಿ ಅಬು ಜುಮಾ. ಅಪ್ಪ ಕಾಫಿ ಬಗ್ಗಿಸಿ ಬಲಗೈಯಲ್ಲಿ ಕೊಟ್ಟರು. ಅಬು ಜುಮಾ ಬಟ್ಟಲನ್ನು ನೆಲದ ಮೇಲಿಟ್ಟು, "ಕೇಳೋಕೆ ಬಂದದ್ದು ಕೊಡೋವರೆಗೂ ಕುಡಿಯಲ್ಲ" ಅಂದ. ನಮ್ಮವರ ಮನೆಯಲ್ಲಿ ಹಾಗೆ ಇಟ್ಟ ಬಟ್ಟಲು ಆರಿಹೋಗಲು ಬಿಟ್ಟರೆ ಏಳು ತಲೆಮಾರಿಗೂ ಅವಮಾನ ಅಂತ ನಿನಗೆ ಗೊತ್ತಲ್ಲ? ಅಪ್ಪ ಬಾಯಿ ತೆರೆದರು. ಮತ್ತೆ ಮುಚ್ಚಿದರು. ಬಟ್ಟಲನ್ನೇ ನೋಡುತ್ತಾ ಕೂತರು, ಹಬೆ ಏಳುತ್ತಿತ್ತು. ಲುಬ್ನಾ ಪರದೆಯ ಹಿಂದಿನಿಂದ "ನನಗೆ ಮಗ ಇಲ್ಲ, ನನಗೆ ಮಗ ಇಲ್ಲ" ಅಂತ ಪಿಸುಗುಟ್ಟಿದಳು, ಆಮೇಲೆ ಹಿಂದಿನ ಸಾಲಿಗೂ ಕೇಳುವಂತೆ ಕೂಗಿದಳು. ನನ್ನ ಹಿಂದೆ ಕೂತ ಮುದುಕಿಗೆ ತಡೆಯಲಿಲ್ಲ. "ಆರಿಹೋಗ್ತಾ ಇದೆ ಕಣಯ್ಯಾ, ನಿನ್ನ ಬಾಯಿಗೆ ಬೀಗ ಬಿತ್ತಾ?" ಅಂದಳು. ಹಬೆ ನಿಲ್ಲುತ್ತಾ ಬಂತು. ಆಗ ಅಪ್ಪ, ಗುಡುಗಲಿಲ್ಲ, ಮನೆಯಲ್ಲಿ ಮಾತಾಡುವ ದನಿಯಲ್ಲೇ, "ಕುಡಿ ಅಬು ಜುಮಾ. ಕೇಳಿದ್ದು ಕೊಟ್ಟೆ" ಅಂದರು.

ಅವನು ಕುಡಿದ. ಇನ್ನೇನು ಮಾಡುತ್ತಾನೆ ಪಾಪ! ನಾಟಕ ಅಲ್ಲಿಗೇ ಮುಗಿಯಿತು, ಉಳಿದದ್ದಕ್ಕೆ ಕಥೆಯೇ ಇರಲಿಲ್ಲ. ಹೆಂಗಸರೆಲ್ಲ ಮದುವೆಮನೆಯಂತೆ ನಾಲಿಗೆ ಆಡಿಸಿ ಲುಲುಲು ಅಂತ ಉಲಿ ಹಾಕಿದರು. ಮಗನ ಪಾತ್ರದ ಬಾಸಿಲ್ ಮಾತ್ರ ಹೊರಗೆ ಬಂದು, "ಅಷ್ಟು ದಿನ ಅಳೋದು ಕಲಿತಿದ್ದೀನಿ, ಈಗ ಎಲ್ಲಿ ಅಳಲಿ?" ಅಂತ ಜಗಳಕ್ಕೆ ನಿಂತ. ಅವನ ಪಾಲಿನದನ್ನು ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಈಗ ಬೀದಿಯಲ್ಲೆಲ್ಲ ಇದೇ ಪಂಚಾಯಿತಿ. ನಾಟಕದಲ್ಲಿ ಕೊಟ್ಟ ಮಾತು ಮಾತೋ ಅಲ್ಲವೋ? "ನಾಟಕದ ಮಾತು ನಾಟಕಕ್ಕೇ ಮುಗೀತು" ಅನ್ನುತ್ತಾರೆ ನಿನ್ನ ಅಪ್ಪ. "ಕಾಫಿ ನಿಜ, ಏಲಕ್ಕಿ ನಿಜ, ಕುಡಿದ ಹೊಟ್ಟೆ ನಿಜ. ನಿನ್ನ ಮಾತೊಂದೇ ಸುಳ್ಳು ಹೇಗಯ್ಯಾ ಆಗುತ್ತೆ?" ಅನ್ನುತ್ತಾನೆ ಅಬು ಜುಮಾ, ಟೊಮೇಟೊ ತೂಗುತ್ತಲೇ. ಲುಬ್ನಾಳನ್ನು ಕೇಳಿದರೆ, "ನನ್ನ ನಾಟಕ ಅರ್ಧಕ್ಕೇ ನಿಂತಿದೆ, ನನ್ನನ್ನೇನು ಕೇಳ್ತೀರಿ" ಅಂತ ಸಿಡುಕುತ್ತಾಳೆ. ನಾನು ಯಾರ ಪಕ್ಷವೂ ಅಲ್ಲ, ಸುಮ್ಮನೆ ನಿನ್ನ ಅಪ್ಪನ ಮುಖ ನೋಡುತ್ತಿರುತ್ತೇನೆ. ಆ ಹೊತ್ತಿನಲ್ಲಿ ಅವರಿಗೆ ಬಟ್ಟಲಿನಲ್ಲಿ ಏನು ಕಂಡಿತು ಅಂತ ತಿಳಿಯುವ ಆಸೆ. ಕೇಳಿದರೆ "ಕಾಫಿ" ಅನ್ನುತ್ತಾರೆ. ನಿನ್ನೆಯಿಂದ ಆಗಾಗ ಫೋನ್ ಹೊರಗೆ ತೆಗೆದು, ಒರೆಸಿ, ಮತ್ತೆ ಜೇಬಿಗಿಡುತ್ತಿದ್ದಾರೆ.

ನಿನ್ನ ಮೇಲೆ ನನಗೂ ಸಿಟ್ಟಿದೆ ಮಗಾ. ಹೊರಡುವಾಗ ನನ್ನನ್ನಾದರೂ ಎಬ್ಬಿಸಬಹುದಿತ್ತು. ಆದರೆ ನಿನ್ನ ದನಿ ಕೇಳದೆ ಈ ಮನೆ ನನಗೆ ಮನೆಯಾಗಿಲ್ಲ. ಅಬು ಜುಮಾ ಸಲಾಂ ಹೇಳಿದ್ದಾನೆ. ಹೋದ ದಾರಿಯಲ್ಲೆಲ್ಲ ದೇವರು ನಿನ್ನ ಮುಂದೆ ಇರಲಿ.

ನಿನ್ನ ಅಮ್ಮ,
ಫಿದ್ದಾ

ಮತ್ತೆ: ಕಾಗದ ಮಡಿಸುವಷ್ಟರಲ್ಲಿ ನಿನ್ನ ಅಪ್ಪ ಒಳಗೆ ಬಂದು ಯಾರಿಗೆ ಅಂತ ಕೇಳಿಬಿಟ್ಟರು. ಗಾಬರಿಯಲ್ಲಿ ಇರ್ಬಿದ್ ಊರಿನ ತಂಗಿಗೆ ಅಂದೆ. ನನಗೆ ತಂಗಿಯೇ ಇಲ್ಲ, ಅದು ಅವರಿಗೂ ಗೊತ್ತು. ಬಾಗಿಲಲ್ಲೇ ನಿಂತು, "ಆ ನಿನ್ನ ತಂಗಿಗೆ ಬರಿ, ಶುಕ್ರವಾರ ನಮಾಜು ಆದ್ಮೇಲೆ ಫೋನ್ ಮಾಡ್ಲಿ. ನಾನೇ ಎತ್ತುತ್ತೀನಿ" ಅಂದು ಹೊರಗೆ ಹೋದರು.