ಅತಿಶಯೋಕ್ತಿ ಬಾರದ ಗಂಡನಿಗೆ

ಕೊಟ್ಟೂರು, ಬುಧವಾರ
12 ಜೂನ್ 2024

ಮೈಲಾರೇಶ್ ಅವರಿಗೆ, ಇನ್ನೂ ಅರ್ಧ ಸಿಟ್ಟಿನಲ್ಲಿರುವ ನಿಮ್ಮ ಹೆಂಡತಿಯ ನಮಸ್ಕಾರ.

ಫೋನ್ ಮಾಡಿದರೆ ನೀವು “ಹ್ಞೂಂ” ಅನ್ನುತ್ತೀರಿ, ನಾನು ಕಟ್ ಮಾಡುತ್ತೇನೆ. ತವರಿಗೆ ಬಂದ ಎರಡು ತಿಂಗಳಿಂದ ಇದೇ ಆಗಿದೆ. ಅದಕ್ಕೇ ಈ ಪತ್ರ. ಹರಪನಹಳ್ಳಿಯಿಂದ ಕೂಡ್ಲಿಗಿ ಕಾಲೇಜಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದೇನೆ. ಸೋಮವಾರದೊಳಗೆ ನಾನು ಕೊನೆಯ ಒಪ್ಪಿಗೆ ಕೊಟ್ಟರೆ ಮುಗಿಯಿತು, ತೆಲಿಗಿಯ ನಮ್ಮ ಮನೆಗೆ ಬರುವ ಮಾತೇ ಇಲ್ಲ. ನಿಮ್ಮ ಉತ್ತರ ನೋಡಿ ತೀರ್ಮಾನ ಮಾಡುತ್ತೇನೆ.

ಯಾಕೆ ಮನೆ ಬಿಟ್ಟೆ ಎಂದು ನೀವು ಕೇಳಲೇ ಇಲ್ಲ. ಯುಗಾದಿ ದಿನ ನಾನು ಹೋಳಿಗೆ ಬಡಿಸುತ್ತಿದ್ದಾಗ ನಿಮ್ಮ ಓಬಣ್ಣ ಮಾವ, “ಏನ್ ಚಂದ ಅದಾಳಲೇ ನಿನ್ ಹೆಂಡ್ತಿ!” ಅಂದರು. ನೀವು ಮುಖ ಸಿಂಡರಿಸಿ, “ಏನ್ ಚಂದ ಬಿಡು ಮಾವ, ಸಾಧಾರಣ ಅದಾಳ” ಅಂದಿರಿ. ಅಷ್ಟೂ ನೆಂಟರ ಮುಂದೆ! ನನಗೆ ಅಳು ಬಂತು.

ದಿನಾ ಹಳೆಯ ಪ್ರೇಮಕಾವ್ಯ ಪಾಠ ಮಾಡುವವಳು ನಾನು. ಅಲ್ಲಿ ನಾಯಕಿಗೆ ಸೊಂಟ ಇದೆಯೋ ಇಲ್ಲವೋ ಎಂದು ನೋಡಿದವರಿಗೇ ಅನುಮಾನ. ನಲ್ಲ ದೂರವಾದರೆ ಬೆಳದಿಂಗಳು ಮೈ ಸುಡುತ್ತದೆ, ಕೈ ಸೊರಗಿ ಬಳೆ ಜಾರುತ್ತವೆ. ಕಳೆದ ವಾರ ಹಿಂದಿನ ಬೆಂಚಿನ ಎರ್ರಮ್ಮ ಎದ್ದು ನಿಂತು, “ಇದೆಲ್ಲ ಸುಳ್ಳಲ್ಲೇನ್ರಿ ಮೇಡಂ? ಬೆಳದಿಂಗಳಿಗೆ ಯಾರ್ ಸುಟ್ಕಂತಾರ್ರಿ?” ಅಂದಳು. ಸುಳ್ಳಲ್ಲಮ್ಮಾ, ಮನಸ್ಸಿನಲ್ಲಿರುವಷ್ಟು ದೊಡ್ಡ ಮಾತು ಸಿಗದಿದ್ದಾಗ ಕವಿ ಹಿಗ್ಗಿಸಿ ಹೇಳುತ್ತಾನೆ ಎಂದೆ. ಹೇಳುತ್ತಲೇ ನೀವು ನೆನಪಾದಿರಿ. ಹಿಗ್ಗಿಸುವುದು ಹಾಗಿರಲಿ, ನನ್ನ ಗಂಡನಿಗೆ ಇದ್ದಷ್ಟನ್ನೂ ಹೇಳಲು ಬರಲಿಲ್ಲವಲ್ಲ!

ನಿನ್ನೆ ನಿಮ್ಮ ಅವ್ವ ಬಂದರು. ತಡೆಯಲಾರದೆ ಯುಗಾದಿಯ ಮಾತು ಹೇಳಿಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಯ್ಯ ಹುಚ್ಚಿ! ಹಟ್ಟ್ಯಾಗ ಚಲೋ ಕುರಿಮರಿ ಹುಟ್ಟಿದ್ರ ಮಂದಿ ಮುಂದ ಚಂದ ಐತಿ ಅಂತೀವೇನು? ಬಡಕಲು ಮರಿ, ಬದುಕಿದ್ರ ಹೆಚ್ಚು ಅಂತೀವಿ. ಕಣ್ಣು ಬೀಳಬಾರ್ದಲ್ಲ! ಓಬಣ್ಣನ ಕಣ್ಣು ಮೊದ್ಲ ಕೆಟ್ಟದ್ದು, ಅದಕ್ಕ ನನ್ ಮಗ ಹಂಗಂದಾನ. ನೀ ಇಲ್ಲಿಗೆ ಬಂದಾಗಿಂದ ಅವಗ ಕೂಳು ಸೇರವಲ್ದು.”

ಕುರಿ ಸಾಕದ ಮನೆಯಲ್ಲಿ ಬೆಳೆದ ನನಗೆ ಇದು ಎಲ್ಲಿಂದ ಗೊತ್ತಾಗಬೇಕು? ಅಲಂಕಾರ ಪಾಠ ಮಾಡುವವಳಿಗೆ ಗಂಡನ ಮಾತಿನ ವರಸೆ ತಿಳಿಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಎರಡು ತಿಂಗಳು ಸುಮ್ಮನೆ ಹಾಳಾದವು.

ಆದರೂ ರೀ, ನಾನು ಕುರಿಮರಿಯಲ್ಲ. ಮಂದಿ ಮುಂದೆ ಏನಾದರೂ ಅನ್ನಿ. ನನ್ನೊಬ್ಬಳೆದುರು ಒಂದೇ ಒಂದು ಸಲ ಬಾಯಿ ತುಂಬ ಹೊಗಳಿ. ಕೂಡ್ಲಿಗಿಯಿಂದ ಹಡಗಲಿಯವರೆಗೆ ನನ್ನಂಥವಳು ಇನ್ನೊಬ್ಬಳಿಲ್ಲ ಅನ್ನಿ. ಹರಪನಹಳ್ಳಿ ಕೆರೆ ನನ್ನ ನಗು ನೋಡಿಯೇ ತುಂಬಿತು ಅನ್ನಿ. ದೃಷ್ಟಿಯಾದರೆ ಆಗಲಿ, ಉಪ್ಪು ಮೆಣಸಿನಕಾಯಿ ನಿವಾಳಿಸಲು ಅತ್ತೆ ಇದ್ದಾರೆ. ನಿಮ್ಮನ್ನು ನೋಡದೆ ನನಗೂ ಸಾಕಾಗಿದೆ.

ನಾಳೆ ಅತ್ತೆ ಹೊರಡುತ್ತಾರೆ. ಪತ್ರ ಅವರ ಕೈಯಲ್ಲೇ ಕೊಡುತ್ತೇನೆ.

ಇಂತಿ ನಿಮ್ಮವಳೇ,
ರೋಜಾ

ತಾ.ಕ.: ನಿಮ್ಮ ಉತ್ತರ ನೋಡಿ ತೀರ್ಮಾನಿಸುತ್ತೇನೆ ಎಂದದ್ದು ಅತಿಶಯೋಕ್ತಿ. ಅರ್ಜಿಯನ್ನು ಇವತ್ತು ಬೆಳಗ್ಗೆಯೇ ವಾಪಸ್ ತೆಗೆದುಕೊಂಡು ಬಂದು, ಆಮೇಲೆ ಈ ಪತ್ರಕ್ಕೆ ಕೂತೆ. ಶನಿವಾರ ಕಾಲೇಜು ಮುಗಿಸಿ ನೇರ ಮನೆಗೆ ಬರುತ್ತೇನೆ. ಅಷ್ಟರಲ್ಲಿ ಒಂದು ಒಳ್ಳೆಯ ಸುಳ್ಳು ಕಲಿತಿಟ್ಟುಕೊಳ್ಳಿ.